ಹುಳು ಹುಟ್ಟುವುದು ಕೊಳೆಯಿಂದಲ್ಲ: ಫ್ರಾಂಚೆಸ್ಕೊ ರೆಡಿಯ ಬಾಳು, ಕೋಳಿ ಸಾಕುವವರಿಗೆ ಪಾಠ



ನಿಮ್ಮ ಹಿತ್ತಲಿನಲ್ಲಿ ಹೇಂಟೆಯೊಂದು ಹನ್ನೆರಡು ಮರಿ ಮಾಡಿತೆನ್ನಿ. ಮೊದಲ ತಿಂಗಳು ಮರಿಗಳೆಲ್ಲ ಚುರುಕಾಗಿ ಓಡಾಡುತ್ತವೆ. ಎರಡನೆಯ ತಿಂಗಳು ಕಳೆಯುವ ಹೊತ್ತಿಗೆ ನಾಲ್ಕೈದು ಮರಿಗಳು ಹಿಂದೆ ಬೀಳುತ್ತವೆ. ಕಾಳು ಹಾಕಿದರೆ ತಿನ್ನುತ್ತವೆ, ಆದರೆ ಮೈ ಹಿಡಿಯುವುದಿಲ್ಲ. ರೆಕ್ಕೆ ಜೋತುಬೀಳುತ್ತದೆ, ಎದೆಯೆಲುಬು ಕೈಗೆ ಚುಚ್ಚುತ್ತದೆ. ಒಂದು ದಿನ ಸತ್ತ ಮರಿಯನ್ನು ಕೊಯ್ದು ನೋಡಿದರೆ ಕರುಳಿನ ತುಂಬ ಶಾವಿಗೆಯಂತಹ ಬಿಳಿ ಹುಳುಗಳು. ಕೊಳೆ ತಿಂದದ್ದರಿಂದ ಹೊಟ್ಟೆಯಲ್ಲಿ ಹುಳು ಹುಟ್ಟಿತು ಎಂದು ಮನೆಯವರು ಹೇಳುತ್ತಾರೆ. ಮರಿ ಹೋಯಿತು, ಸಂತೆಯಲ್ಲಿ ಅದರಿಂದ ಬರಬೇಕಿದ್ದ ಹಣವೂ ಹೋಯಿತು.

ಈ ಮಾತಿನಲ್ಲಿ ಅರ್ಧ ನಿಜವಿದೆ, ಅರ್ಧ ತಪ್ಪಿದೆ. ಕೊಳೆಗೂ ಹುಳುವಿಗೂ ನಂಟು ಇರುವುದು ನಿಜ. ಕೊಳೆಯಿಂದಲೇ ಹುಳು ಹುಟ್ಟುತ್ತದೆ ಎಂಬುದು ತಪ್ಪು. ಸಾವಿರಾರು ವರ್ಷ ಪಂಡಿತರೂ ಪಾಮರರೂ ಒಪ್ಪಿಕೊಂಡು ಬಂದಿದ್ದ ಈ ತಪ್ಪನ್ನು ಪ್ರಯೋಗ ಮಾಡಿ ತೋರಿಸಿದವನು ಇಟಲಿಯ ವೈದ್ಯ ಫ್ರಾಂಚೆಸ್ಕೊ ರೆಡಿ. ಜೀವಶಾಸ್ತ್ರ ಓದಿದವರಿಗೆಲ್ಲ ಆತನ ಹೆಸರು ಗೊತ್ತು. ಆದರೆ ಕೋಳಿ, ಕುರಿ, ದನ ಸಾಕುವ ನಮಗೂ ಆತ ಬೇಕಾದವನು. ಆತನ ಬಾಳಿನ ಕಥೆಯನ್ನು ತಿಳಿದರೆ ನಿಮ್ಮ ಮರಿಯ ಹೊಟ್ಟೆಗೆ ಹುಳು ಹೇಗೆ ಬಂತು, ಅದನ್ನು ಎಲ್ಲಿ ತಡೆಯಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ.

ವೈದ್ಯನ ಮಗ ವೈದ್ಯ

ರೆಡಿ ಹುಟ್ಟಿದ್ದು 1626ರಲ್ಲಿ, ಇಟಲಿಯ ಅರೆತ್ಸೊ ಎಂಬ ಊರಿನಲ್ಲಿ. ಆಗ ಇಟಲಿ ಒಂದೇ ದೇಶವಾಗಿರಲಿಲ್ಲ. ಹಲವು ಸಂಸ್ಥಾನಗಳಾಗಿ ಹಂಚಿಹೋಗಿತ್ತು. ಅರೆತ್ಸೊ ಇದ್ದದ್ದು ಟಸ್ಕನಿ ಎಂಬ ಸಂಸ್ಥಾನದಲ್ಲಿ. ಅದರ ರಾಜಧಾನಿ ಫ್ಲಾರೆನ್ಸ್, ಆಳುತ್ತಿದ್ದವರು ಮೆದಿಚಿ ಮನೆತನದವರು. ರೆಡಿಯ ತಂದೆ ಗ್ರೆಗೋರಿಯೊ ಹೆಸರುವಾಸಿ ವೈದ್ಯ. ಮಗ ಪೀಸಾ ನಗರದ ವಿಶ್ವವಿದ್ಯಾಲಯದಲ್ಲಿ ವೈದ್ಯವನ್ನೂ ತತ್ತ್ವಶಾಸ್ತ್ರವನ್ನೂ ಓದಿ 1647ರಲ್ಲಿ ಪದವಿ ಪಡೆದ. ಆಗ ಆತನಿಗೆ ಇಪ್ಪತ್ತೊಂದು ವರ್ಷ. ಕೆಲಕಾಲ ರೋಮಿನಲ್ಲಿದ್ದು, ಆಮೇಲೆ ಫ್ಲಾರೆನ್ಸಿಗೆ ಬಂದು ನೆಲೆಸಿದ.

ಮುಂದೆ ಆತ ಟಸ್ಕನಿಯ ದೊರೆ ಎರಡನೆಯ ಫರ್ಡಿನಾಂಡೊನ ಆಸ್ಥಾನದಲ್ಲಿ ಮುಖ್ಯ ವೈದ್ಯನಾದ. ಅರಮನೆಯ ಔಷಧಶಾಲೆಯ ಮೇಲ್ವಿಚಾರಣೆಯೂ ಆತನ ಪಾಲಿಗೆ ಬಂತು. ಫರ್ಡಿನಾಂಡೊನ ನಂತರ ಪಟ್ಟಕ್ಕೆ ಬಂದ ಮೂರನೆಯ ಕೊಸಿಮೊ ಕೂಡ ಆತನನ್ನೇ ಮುಂದುವರಿಸಿದ. ಆಸ್ಥಾನದ ವೈದ್ಯನೆಂದರೆ ಸುಖದ ನೌಕರಿ. ದೊರೆಯ ನಾಡಿ ಹಿಡಿದು, ಹಳೆಯ ಗ್ರಂಥಗಳಲ್ಲಿ ಬರೆದದ್ದನ್ನು ಒಪ್ಪಿಸಿ, ಸಂಬಳ ಎಣಿಸಿಕೊಂಡು ಇರಬಹುದಿತ್ತು. ರೆಡಿ ಹಾಗೆ ಮಾಡಲಿಲ್ಲ.

ಅದಕ್ಕೆ ಕಾಲವೂ ಅನುಕೂಲವಾಗಿತ್ತು. ದೂರದರ್ಶಕದಿಂದ ಆಕಾಶವನ್ನು ನೋಡಿದ ಗೆಲಿಲಿಯೊ ತೀರಿಕೊಂಡದ್ದು 1642ರಲ್ಲಿ, ಇದೇ ಟಸ್ಕನಿಯಲ್ಲಿ. ಆತನ ದಾರಿ ಹಿಡಿದವರು 1657ರಲ್ಲಿ ಫ್ಲಾರೆನ್ಸಿನಲ್ಲಿ ಪ್ರಯೋಗಗಳಿಗೆಂದೇ ಒಂದು ಪರಿಷತ್ತನ್ನು ಕಟ್ಟಿದರು. ಅದರ ಹೆಸರು ಚಿಮೆಂಟೊ ಅಕಾಡೆಮಿ. ಹತ್ತು ವರ್ಷ ನಡೆದ ಆ ಪರಿಷತ್ತಿನಲ್ಲಿ ರೆಡಿಯೂ ಇದ್ದ. ಗ್ರಂಥದಲ್ಲಿದೆ ಎಂದು ನಂಬುವುದಲ್ಲ, ಮಾಡಿ ನೋಡುವುದು. ಒಮ್ಮೆ ಮಾಡಿದರೆ ಸಾಲದು, ಮತ್ತೆ ಮತ್ತೆ ಮಾಡಿ ನೋಡುವುದು. ಇದು ಆ ಪರಿಷತ್ತಿನವರ ವ್ರತವಾಗಿತ್ತು.

ಹಾವಿನ ವಿಷ ಎಲ್ಲಿದೆ?

ಆ ದಿನಗಳಲ್ಲಿ ಔಷಧ ತಯಾರಿಸಲು ಅರಮನೆಗೆ ಮಂಡಲದ ಹಾವಿನ ಜಾತಿಯ ಹಾವುಗಳನ್ನು ತರಿಸುತ್ತಿದ್ದರು. ಹಾವಿನ ವಿಷ ಅದರ ಪಿತ್ತಕೋಶದಲ್ಲಿದೆ ಎಂದು ಕೆಲವರು ಹೇಳುತ್ತಿದ್ದರು. ಹಾವಿನ ಸಿಟ್ಟೇ ವಿಷವಾಗುತ್ತದೆ ಎನ್ನುವವರೂ ಇದ್ದರು. ರೆಡಿ ಹಾವುಗಳನ್ನು ಕೊಯ್ದು ನೋಡಿದ, ಪ್ರಾಣಿಗಳ ಮೇಲೆ ಪರೀಕ್ಷಿಸಿದ. ಪಿತ್ತದಲ್ಲಿ ವಿಷವಿಲ್ಲ, ಹಲ್ಲಿನ ಬುಡದಿಂದ ಬರುವ ಹಳದಿ ದ್ರವವೇ ವಿಷ, ಅದು ಗಾಯದ ಮೂಲಕ ರಕ್ತಕ್ಕೆ ಸೇರಿದಾಗ ಕೊಲ್ಲುತ್ತದೆ ಎಂದು 1664ರಲ್ಲಿ ಪ್ರಕಟಿಸಿದ. ಆತನ ಮೊದಲ ಹೆಸರಾಂತ ಪುಸ್ತಕ ಅದು.

ಆಮೇಲೆ ಇನ್ನೊಂದು ಪರೀಕ್ಷೆ ಬಂತು. ಇದಕ್ಕೆ ನಮ್ಮ ದೇಶದ ನಂಟಿದೆ. ಹಾವು ಕಚ್ಚಿದ ಜಾಗಕ್ಕೆ ಇಟ್ಟರೆ ವಿಷ ಹೀರುತ್ತದೆಂಬ ಕಲ್ಲುಗಳನ್ನು ಪಾದ್ರಿಗಳು ಭಾರತದಿಂದ ಯೂರೋಪಿಗೆ ಒಯ್ದಿದ್ದರು. ದೊಡ್ಡ ದೊಡ್ಡ ವಿದ್ವಾಂಸರೇ ಅವನ್ನು ಹೊಗಳಿದ್ದರು. ರೆಡಿ ಆ ಕಲ್ಲುಗಳನ್ನು ಪ್ರಾಣಿ ಪಕ್ಷಿಗಳ ಮೇಲೆ ಪರೀಕ್ಷಿಸಿ, ಅವುಗಳಿಂದ ಪ್ರಯೋಜನವಿಲ್ಲವೆಂದು 1671ರಲ್ಲಿ ಬರೆದ. ದೂರದಿಂದ ಬಂದ ವಸ್ತು ಎಂದಾಗಲೀ ದೊಡ್ಡವರು ಹೊಗಳಿದ್ದಾರೆ ಎಂದಾಗಲೀ ಆತ ಸೋಲಲಿಲ್ಲ. ಇಂದಿಗೂ ಹಾವು ಕಚ್ಚಿದವರಿಗೆ ಕಲ್ಲು ಇಟ್ಟು ಹೊತ್ತು ಕಳೆಯುವವರು ನಮ್ಮಲ್ಲಿ ಇದ್ದಾರೆ. ಅಂಥವರನ್ನು ಕಂಡರೆ ತಡಮಾಡದೆ ಆಸ್ಪತ್ರೆಗೆ ಕಳುಹಿಸಿ.

ಮಾಂಸದ ಮೇಲಿನ ಹುಳು

ಇವೆರಡರ ನಡುವೆ, 1668ರಲ್ಲಿ, ರೆಡಿ ತನ್ನ ಹೆಸರನ್ನು ಉಳಿಸಿದ ಪುಸ್ತಕವನ್ನು ಹೊರತಂದ. ಕೀಟಗಳು ಹೇಗೆ ಹುಟ್ಟುತ್ತವೆ ಎಂಬುದು ಅದರ ವಿಷಯ. ಮಾಂಸ ಕೊಳೆತರೆ ಹುಳುವಾಗುತ್ತದೆ, ಕೆಸರಿನಿಂದ ಕಪ್ಪೆ ಹುಟ್ಟುತ್ತದೆ ಎಂದು ಆಗ ಎಲ್ಲರೂ ನಂಬಿದ್ದರು. ನಂಬದೆ ಏನು ಮಾಡಿಯಾರು? ಮಾಂಸ ಇಟ್ಟರೆ ಹುಳು ಬರುವುದು ಎಲ್ಲರ ಕಣ್ಣೆದುರಿಗೇ ನಡೆಯುತ್ತಿತ್ತು.

ರೆಡಿ ಮೊದಲು ಸತ್ತ ಹಾವುಗಳನ್ನು ಪೆಟ್ಟಿಗೆಯಲ್ಲಿಟ್ಟು ಕೊಳೆಯಲು ಬಿಟ್ಟ. ಹುಳುಗಳಾದವು. ಇತರರು ಇಲ್ಲಿಗೇ ನಿಲ್ಲುತ್ತಿದ್ದರು, ಆತ ನಿಲ್ಲಲಿಲ್ಲ. ಆ ಹುಳುಗಳನ್ನು ಹಿಡಿದಿಟ್ಟು ಮುಂದೆ ಏನಾಗುತ್ತವೆ ಎಂದು ದಿನ ದಿನವೂ ನೋಡಿದ. ಹುಳುಗಳು ಓಡಾಟ ನಿಲ್ಲಿಸಿ ಕಾಳಿನಂತಹ ಕೋಶಗಳಾದವು. ಕೋಶ ಒಡೆದು ನೊಣಗಳು ಹೊರಬಂದವು. ಮಾಂಸದ ಮೇಲೆ ಮೊದಲು ಕೂತು ಹೋದ ನೊಣಗಳ ಜಾತಿಯವೇ ಅವು. ಹಾಗಾದರೆ ಹುಳು ಮಾಂಸದ ಮಗುವಲ್ಲ, ನೊಣದ ಮಗು ಎಂಬ ಸಂಶಯ ಆತನಿಗೆ ಬಂತು.

ಸಂಶಯ ಸಾಲದು, ಪರೀಕ್ಷೆ ಬೇಕು. ಅಗಲ ಬಾಯಿಯ ನಾಲ್ಕು ಗಾಜಿನ ಪಾತ್ರೆಗಳನ್ನು ತೆಗೆದುಕೊಂಡ. ಒಂದರಲ್ಲಿ ಹಾವು, ಒಂದರಲ್ಲಿ ಹೊಳೆಯ ಮೀನು, ಒಂದರಲ್ಲಿ ಹಾವುಮೀನು, ಒಂದರಲ್ಲಿ ಎಳೆಗರುವಿನ ಮಾಂಸ ಹಾಕಿ ಬಾಯಿ ಭದ್ರವಾಗಿ ಮುಚ್ಚಿದ. ಇನ್ನು ನಾಲ್ಕು ಪಾತ್ರೆಗಳಲ್ಲಿ ಅವನ್ನೇ ಹಾಕಿ ತೆರೆದಿಟ್ಟ. ತೆರೆದ ಪಾತ್ರೆಗಳಿಗೆ ನೊಣ ಬಂತು, ಹುಳುವಾಯಿತು. ಮುಚ್ಚಿದವುಗಳಲ್ಲಿ ಮಾಂಸ ಕೊಳೆತು ನಾತ ಹೊಡೆಯಿತು, ಒಂದು ಹುಳುವೂ ಆಗಲಿಲ್ಲ.

ಗಾಳಿ ಹೋಗದಂತೆ ಮುಚ್ಚಿದ್ದರಿಂದ ಹೀಗಾಯಿತು ಎಂದು ಯಾರಾದರೂ ಹೇಳಬಹುದಲ್ಲವೇ? ಅದಕ್ಕೂ ಆತ ಉತ್ತರ ಸಿದ್ಧಮಾಡಿದ. ಗಾಳಿ ಹೋಗುವ, ನೊಣ ಹೋಗದ ತೆಳುವಾದ ಜಾಳು ಬಟ್ಟೆಯನ್ನು ಪಾತ್ರೆಯ ಬಾಯಿಗೆ ಕಟ್ಟಿದ. ವಾಸನೆಗೆ ನೊಣಗಳು ಬಂದು ಬಟ್ಟೆಯ ಮೇಲೆಯೇ ಮೊಟ್ಟೆ ಇಟ್ಟವು. ಒಳಗಿನ ಮಾಂಸದಲ್ಲಿ ಹುಳು ಹುಟ್ಟಲಿಲ್ಲ.

ಈ ಪ್ರಯೋಗದ ಜಾಣತನವನ್ನು ಸ್ವಲ್ಪ ಗಮನಿಸಿ. ದುಬಾರಿ ಯಂತ್ರ ಒಂದೂ ಇಲ್ಲ. ಎರಡು ಸಾಲು ಪಾತ್ರೆ, ಒಂದೇ ಬಗೆಯ ಮಾಂಸ, ಒಂದೇ ಹವೆ. ಬೇರೆ ಇದ್ದದ್ದು ಒಂದೇ ಒಂದು ಸಂಗತಿ: ನೊಣಕ್ಕೆ ದಾರಿ ಇದೆಯೋ ಇಲ್ಲವೋ ಎಂಬುದು. ಎರಡು ಪಾತಿ ಮಾಡಿ, ಒಂದಕ್ಕೆ ಗೊಬ್ಬರ ಹಾಕಿ, ಒಂದಕ್ಕೆ ಹಾಕದೆ ಬೆಳೆ ನೋಡುವ ರೈತನ ಪದ್ಧತಿಯೂ ಇದೇ.

ಹೊಟ್ಟೆಯೊಳಗಿನ ಹುಳು

ಇಷ್ಟೆಲ್ಲ ಮಾಡಿದ ರೆಡಿಗೂ ಒಂದು ಗಂಟು ಬಿಡಿಸಲಾಗಲಿಲ್ಲ. ತೆರೆದಿಟ್ಟ ಮಾಂಸಕ್ಕೆ ನೊಣ ಬರುತ್ತದೆ, ಸರಿ. ಆದರೆ ಬದುಕಿರುವ ಪ್ರಾಣಿಯ ಕರುಳಿನೊಳಗೆ ಹುಳು ಹೇಗೆ ಬಂತು? ಅಲ್ಲಿಗೆ ಯಾವ ನೊಣ ಹೋದೀತು? ಗಿಡದ ಎಲೆಯ ಮೇಲಿನ ಗಂಟುಗಳೊಳಗೆ ಹುಳು ಇರುತ್ತದಲ್ಲ, ಅದು ಹೇಗೆ? ಸತ್ತ ವಸ್ತುವಿನಿಂದ ಜೀವ ಹುಟ್ಟದಿದ್ದರೂ, ಜೀವವಿರುವ ಗಿಡ ಮತ್ತು ಪ್ರಾಣಿಗಳು ತಮ್ಮೊಳಗೆ ಇಂಥ ಹುಳುಗಳನ್ನು ಹುಟ್ಟಿಸಬಹುದೇನೋ ಎಂದು ಆತ 1668ರಲ್ಲಿ ಬರೆದ. ಅದು ತಪ್ಪಾಗಿತ್ತು. ಎಲೆಗಂಟಿನ ಹುಳುವೂ ಮೊಟ್ಟೆಯಿಂದಲೇ ಬರುತ್ತದೆಂದು ಮಾಲ್ಪಿಗಿ, ವ್ಯಾಲಿಸ್ನೇರಿ ಎಂಬ ಇಟಲಿಯ ವಿದ್ವಾಂಸರು ಮುಂದೆ ತೋರಿಸಿದರು.

ಆದರೆ ರೆಡಿ ಕೈಕಟ್ಟಿ ಕೂರಲಿಲ್ಲ. ಸಿಕ್ಕಿದ ಪ್ರಾಣಿಯನ್ನೆಲ್ಲ ಕೊಯ್ದು ಒಳಗೆ ಹುಡುಕಿದ. ಕುರಿಯ ಪಿತ್ತಜನಕಾಂಗದಲ್ಲಿ ಎಲೆಯಂತೆ ಚಪ್ಪಟೆಯಾದ ಹುಳು ಕಂಡ. ಪಕ್ಷಿಗಳ ಗರಿಯಲ್ಲಿರುವ ಹೇನುಗಳ ಚಿತ್ರ ಬರೆಸಿದ. ಮನುಷ್ಯರ ಹೊಟ್ಟೆಯ ಜಂತುಹುಳುವನ್ನೂ ನೆಲದ ಎರೆಹುಳುವನ್ನೂ ಕೊಯ್ದು ಪಕ್ಕಪಕ್ಕದಲ್ಲಿಟ್ಟು ನೋಡಿ, ಎರಡೂ ಬೇರೆ ಬೇರೆ ಜೀವಿಗಳೆಂದು ತೋರಿಸಿದ. ಜಂತುಹುಳುಗಳಲ್ಲಿ ಗಂಡು ಹೆಣ್ಣು ಬೇರೆ ಬೇರೆ ಇವೆ, ಹೆಣ್ಣಿನ ಹೊಟ್ಟೆಯಲ್ಲಿ ಮೊಟ್ಟೆಗಳಿವೆ ಎಂದು ಕಂಡುಕೊಂಡ. ಹೀಗೆ ನೂರಕ್ಕೂ ಹೆಚ್ಚು ಬಗೆಯ ಪರೋಪಜೀವಿಗಳನ್ನು ವಿವರಿಸಿದ ಆತನ ಪುಸ್ತಕ 1684ರಲ್ಲಿ ಹೊರಬಂತು. ಬದುಕಿರುವ ಪ್ರಾಣಿಗಳೊಳಗೆ ಬದುಕುವ ಪ್ರಾಣಿಗಳು ಎಂಬುದೇ ಅದರ ವಿಷಯ. ಪರೋಪಜೀವಿಶಾಸ್ತ್ರ ಇಲ್ಲಿಂದ ಶುರುವಾಯಿತು ಎಂದು ಇಂದಿನವರು ಹೇಳುವುದುಂಟು.

ಹುಳುವಿಗೆ ಗಂಡು ಹೆಣ್ಣಿದೆ, ಮೊಟ್ಟೆ ಇದೆ ಎಂದಮೇಲೆ ಅದಕ್ಕೆ ತಾಯಿ ತಂದೆಯೂ ಇರಬೇಕು. ಆ ಮೊಟ್ಟೆ ಒಂದು ಹೊಟ್ಟೆಯಿಂದ ಇನ್ನೊಂದು ಹೊಟ್ಟೆಗೆ ಹೋಗುವ ದಾರಿಯೂ ಇರಬೇಕು. ಆ ದಾರಿಯನ್ನು ಪೂರ್ತಿ ಕಂಡುಹಿಡಿಯಲು ಇನ್ನೂ ಎರಡು ಶತಮಾನ ಹಿಡಿಯಿತು. 1850ರ ದಶಕದಲ್ಲಿ ಜರ್ಮನಿಯ ವೈದ್ಯ ಕ್ಯೂಕೆನ್‌ಮೈಸ್ಟರ್ ಲಾಡಿಹುಳುವಿನ ಮರಿಗಳನ್ನು ಪ್ರಾಣಿಗಳಿಗೆ ತಿನ್ನಿಸಿ, ಅವು ಕರುಳಿನಲ್ಲಿ ದೊಡ್ಡ ಹುಳುವಾಗುವುದನ್ನು ತೋರಿಸಿದ. ಸೂಕ್ಷ್ಮಜೀವಿಗಳೂ ತಾವಾಗಿ ಹುಟ್ಟುವುದಿಲ್ಲವೆಂದು 1860ರ ಸುಮಾರಿಗೆ ಫ್ರಾನ್ಸಿನ ಪಾಶ್ಚರ್ ಸಾಧಿಸಿದ.

ನಿಮ್ಮ ಮರಿಯ ಹೊಟ್ಟೆಗೆ ಬಂದ ದಾರಿ

ಈಗ ನಿಮ್ಮ ಹಿತ್ತಲಿಗೆ ಬನ್ನಿ. ಕೋಳಿಯ ಕರುಳಿನ ದುಂಡುಹುಳುವಿನ ಹೆಸರು ಅಸ್ಕಾರಿಡಿಯಾ ಗ್ಯಾಲಿ. ಬೆಳೆದ ಹೆಣ್ಣುಹುಳು ನಾಲ್ಕು ಅಂಗುಲದವರೆಗೂ ಉದ್ದವಿರುತ್ತದೆ. ಅದು ಇಡುವ ಮೊಟ್ಟೆಗಳು ಕಣ್ಣಿಗೆ ಕಾಣುವುದಿಲ್ಲ. ಹಿಕ್ಕೆಯ ಜೊತೆ ನೆಲಕ್ಕೆ ಬೀಳುತ್ತವೆ. ಬಿದ್ದ ದಿನವೇ ಅವು ಅಪಾಯಕಾರಿಯಲ್ಲ. ತೇವ ಮತ್ತು ಬಿಸುಪು ಸಿಕ್ಕರೆ ಹತ್ತರಿಂದ ಇಪ್ಪತ್ತು ದಿನಗಳಲ್ಲಿ ಒಳಗೆ ಮರಿಹುಳು ಸಿದ್ಧವಾಗುತ್ತದೆ. ನೆಲ ಕೆದಕಿ ತಿನ್ನುವ ಕೋಳಿಮರಿ ಆ ಮೊಟ್ಟೆಯನ್ನು ನುಂಗುತ್ತದೆ. ಮರಿಹುಳು ಕರುಳಿನ ಗೋಡೆಯನ್ನು ಕೊರೆದು ಕೆಲವು ದಿನ ಅಲ್ಲಿ ಅಡಗಿರುತ್ತದೆ. ಹೆಚ್ಚು ಹಾನಿ ಆಗುವುದು ಆಗಲೇ. ಮತ್ತೆ ಕರುಳಿನೊಳಕ್ಕೆ ಬಂದು, ನುಂಗಿದ ಐದರಿಂದ ಎಂಟು ವಾರಗಳಲ್ಲಿ ತಾನೂ ಮೊಟ್ಟೆ ಇಡತೊಡಗುತ್ತದೆ.

ಆದ್ದರಿಂದ ಕೊಳೆ ಹುಳುವಿನ ತಾಯಿಯಲ್ಲ, ಹುಳುವಿನ ಮೊಟ್ಟೆಗೆ ತೊಟ್ಟಿಲು. ಮೂರು ತಿಂಗಳೊಳಗಿನ ಮರಿಗಳು ಇದಕ್ಕೆ ಬೇಗ ಬಲಿಯಾಗುತ್ತವೆ. ಆಮೇಲೆ ಮೈಯಲ್ಲಿ ತಡೆಯುವ ಶಕ್ತಿ ಬರುತ್ತದೆ. ದೊಡ್ಡ ಕೋಳಿ ಹೊಟ್ಟೆಯಲ್ಲಿ ಹುಳು ಇಟ್ಟುಕೊಂಡೇ ಚೆನ್ನಾಗಿ ಓಡಾಡುತ್ತಾ ಮರಿಗಳಿಗೆ ಹಂಚುತ್ತಿರುತ್ತದೆ.

ಲಾಡಿಹುಳುವಿನ ದಾರಿ ಬೇರೆ. ಅದರ ಮೊಟ್ಟೆಯನ್ನು ಮೊದಲು ಇರುವೆ, ಜೀರುಂಡೆ, ನೊಣದಂತಹ ಜೀವಿಗಳು ತಿನ್ನುತ್ತವೆ. ಆ ಕೀಟವನ್ನು ತಿಂದ ಕೋಳಿಗೆ ಹುಳು ಬರುತ್ತದೆ. ಕುರುಡು ಕರುಳಿನಲ್ಲಿ ಅರ್ಧ ಅಂಗುಲದ ಸಣ್ಣ ಬಿಳಿ ಹುಳು ಇನ್ನೊಂದಿದೆ. ಅದರಿಂದ ನೇರ ಹಾನಿ ಕಡಿಮೆ. ಆದರೆ ಟರ್ಕಿ ಕೋಳಿಗಳನ್ನು ಕೊಲ್ಲುವ ರೋಗವೊಂದರ ಜೀವಿ ಆ ಹುಳುವಿನ ಮೊಟ್ಟೆಯೊಳಗೆ ಕೂತು ಸಾಗುತ್ತದೆಂದು 1920ರಲ್ಲಿ ಅಮೆರಿಕದಲ್ಲಿ ಕಂಡುಹಿಡಿದರು. ನಾಟಿಕೋಳಿಯ ಜೊತೆ ಟರ್ಕಿ ಸಾಕಬಾರದೆನ್ನುವುದು ಇದಕ್ಕಾಗಿ.

ಗುರುತಿಸುವ ಬಗೆ

ರೆಡಿ ಮಾಡಿದಂತೆ ನೀವೂ ಒಳಗೆ ನೋಡಬೇಕು. ಬರಿ ಹೊರಗಿನ ಲಕ್ಷಣದಿಂದ ನಿರ್ಧರಿಸುವುದು ಕಷ್ಟ. ಬೆಳವಣಿಗೆ ಕುಂಠಿತ, ಗರಿ ಕೆದರುವುದು, ಜುಟ್ಟು ಬಿಳಿಚುವುದು, ತೆಳ್ಳನೆಯ ಹಿಕ್ಕೆ, ಇವು ಜಂತುವಿನಲ್ಲೂ ಇರುತ್ತವೆ, ಬೇರೆ ರೋಗಗಳಲ್ಲೂ ಇರುತ್ತವೆ.

ಮರಿಯ ವಯಸ್ಸನ್ನು ಮೊದಲು ಲೆಕ್ಕ ಹಾಕಿ. ಒಡೆದ ವಾರದಲ್ಲೇ ಸತ್ತ ಮರಿಗೆ ಜಂತುಹುಳು ಕಾರಣವೆನ್ನುವುದು ಸರಿಯಲ್ಲ. ಕಾರಣ ಬೇರೆ ಇರುತ್ತದೆ. ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ಬಹುಮಟ್ಟಿಗೆ ಕಾಕ್ಸಿಡಿಯೋಸಿಸ್ ಎಂಬ ರಕ್ತಭೇದಿ. ಅದಕ್ಕೆ ಜಂತುವಿನ ಔಷಧ ಹಾಕಿ ಕೂತರೆ ಎರಡು ಮೂರು ದಿನಗಳಲ್ಲೇ ಮರಿಗಳು ಸಾಲಾಗಿ ಸಾಯುತ್ತವೆ.

ಸತ್ತ ಮರಿಯನ್ನು ಬಿಸಾಡುವ ಮೊದಲು ಪಶು ಆಸ್ಪತ್ರೆಗೆ ಒಯ್ದು ಕೊಯ್ಯಿಸಿ. ಕರುಳನ್ನು ಉದ್ದಕ್ಕೂ ಸೀಳಿ ನೀರಿನ ಬಟ್ಟಲಲ್ಲಿ ಅಲುಗಿಸಿದರೆ ದುಂಡುಹುಳು ತೇಲಿ ಕಾಣುತ್ತದೆ. ಚಪ್ಪಟೆಯಾಗಿ, ತುಂಡು ತುಂಡು ಜೋಡಿಸಿದಂತೆ ಕಂಡು, ತಲೆ ಕರುಳಿಗೆ ಕಚ್ಚಿಕೊಂಡಿದ್ದರೆ ಅದು ಲಾಡಿಹುಳು. ಕೂದಲೆಳೆಯಂತಹ ಹುಳುವೂ ಒಂದಿದೆ. ಅದು ನೀರಿನಲ್ಲಿ ಅಲುಗಿಸಿದರೂ ಕಾಣುವುದು ಕಷ್ಟ. ಬದುಕಿರುವ ಮರಿಗಳ ಹೊಸ ಹಿಕ್ಕೆಯನ್ನು ಐದಾರು ಕಡೆಯಿಂದ ಸ್ವಲ್ಪ ಸ್ವಲ್ಪ ತೆಗೆದು ಶುಚಿಯಾದ ಡಬ್ಬಿಯಲ್ಲಿ ಅದೇ ದಿನ ಆಸ್ಪತ್ರೆಗೆ ಕೊಡಿ. ಸೂಕ್ಷ್ಮದರ್ಶಕದಲ್ಲಿ ಮೊಟ್ಟೆ ಕಂಡರೆ ಯಾವ ಹುಳು ಎಂದು ವೈದ್ಯರು ಹೇಳುತ್ತಾರೆ. ಹಿಕ್ಕೆಯಲ್ಲಿ ಹುಳು ಕಣ್ಣಿಗೆ ಬೀಳಲಿಲ್ಲವೆಂದು ಹೊಟ್ಟೆಯಲ್ಲೂ ಇಲ್ಲವೆಂದು ತಿಳಿಯಬೇಡಿ.

ಔಷಧಿ ಮತ್ತು ರೆಡಿಯ ಪರೀಕ್ಷೆ

ಔಷಧಿಯ ವಿಷಯದಲ್ಲೂ ರೆಡಿ ದಾರಿ ತೋರಿಸಿದ್ದಾನೆ. ಆ ಕಾಲದಲ್ಲಿ ಹುಳುವಿಗೆಂದು ಕೊಡುತ್ತಿದ್ದ ಹಲವು ವಸ್ತುಗಳನ್ನು ನೀರಿನಲ್ಲಿ ಕಲಸಿ ಅದರಲ್ಲಿ ಹುಳುಗಳನ್ನು ಬಿಟ್ಟ. ಪಕ್ಕದಲ್ಲಿ ಬರಿ ನೀರಿನಲ್ಲೂ ಹುಳುಗಳನ್ನು ಬಿಟ್ಟ. ಎಲ್ಲಿಯವು ಎಷ್ಟು ಹೊತ್ತು ಬದುಕಿದವು ಎಂದು ಹೋಲಿಸಿದ. ಔಷಧದಲ್ಲಿಟ್ಟ ಹುಳು ಸತ್ತಿತೆಂದರೆ ಸಾಲದು. ಬರಿ ನೀರಿನಲ್ಲಿಟ್ಟದ್ದು ಅಷ್ಟು ಹೊತ್ತಿಗೆ ಸತ್ತಿತ್ತೇ ಎಂದು ಕೇಳುವುದು ಆತನ ರೀತಿ. ರೋಗಿಗಳಿಗೂ ಆತ ಹತ್ತಾರು ಮೂಲಿಕೆ ಬೆರೆಸಿದ ಕಷಾಯಗಳಿಗಿಂತ ಸರಳ ಪಥ್ಯವನ್ನೇ ಹೆಚ್ಚಾಗಿ ಹೇಳುತ್ತಿದ್ದ.

ಇಂದು ನಮಗೆ ಒಳ್ಳೆಯ ಔಷಧಿಗಳಿವೆ. ಪೈಪರಜೀನ್ ದುಂಡುಹುಳುವನ್ನು ಹೊರಹಾಕುತ್ತದೆ, ಆದರೆ ಕರುಳಿನ ಗೋಡೆಯಲ್ಲಿ ಅಡಗಿದ ಮರಿಹುಳುವಿಗೆ ತಟ್ಟುವುದಿಲ್ಲ. ಆದ್ದರಿಂದ ಎರಡು ಮೂರು ವಾರಗಳ ನಂತರ ಇನ್ನೊಮ್ಮೆ ಕೊಡಬೇಕಾಗುತ್ತದೆ. ಲಾಡಿಹುಳುವಿಗೆ ಅದು ನಡೆಯುವುದಿಲ್ಲ. ಫೆನ್‌ಬೆಂಡಜೋಲ್, ಅಲ್ಬೆಂಡಜೋಲ್, ಲೆವಮಿಸೋಲ್ ಇವು ಹೆಚ್ಚು ಬಗೆಯ ದುಂಡುಹುಳುಗಳಿಗೆ ನಾಟುತ್ತವೆ. ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್‌ನಂತಹ ಬೇರೆ ಔಷಧಿ ಬೇಕು. ಯಾವುದು, ಎಷ್ಟು ಎಂಬುದನ್ನು ಮರಿಯ ತೂಕ ನೋಡಿ ಪಶುವೈದ್ಯರೇ ಹೇಳಬೇಕು. ಅಂದಾಜಿನಲ್ಲಿ ಹಾಕಬೇಡಿ. ಕಡಿಮೆ ಹಾಕಿದರೆ ಹುಳು ಉಳಿದು ಔಷಧಿಗೇ ಒಗ್ಗಿಹೋಗುತ್ತದೆ. ಹೊಲಕ್ಕೆ ಹೊಡೆಯುವ ಕೀಟನಾಶಕವನ್ನಂತೂ ಕೋಳಿಗೆ ಎಂದೂ ಕೊಡಬೇಡಿ.

ನೀರಿನಲ್ಲಿ ಕೊಡುವ ಔಷಧಿಯಾದರೆ ಬೆಳಿಗ್ಗೆ ಒಂದೆರಡು ಗಂಟೆ ನೀರು ತೆಗೆದಿಟ್ಟು, ಆಮೇಲೆ ಮರಿಗಳು ಕೆಲವೇ ಗಂಟೆಗಳಲ್ಲಿ ಕುಡಿದು ಮುಗಿಸುವಷ್ಟು ನೀರಿನಲ್ಲಿ ಬೆರೆಸಿ ಇಡಿ. ಸುಡುಬಿಸಿಲಿನ ದಿನಗಳಲ್ಲಿ ನೀರು ತಪ್ಪಿಸುವಾಗ ಎಚ್ಚರವಿರಲಿ. ಮೊಟ್ಟೆ ಇಡುವ ಕೋಳಿಗೆ ಕೊಟ್ಟರೆ ವೈದ್ಯರು ಹೇಳಿದಷ್ಟು ದಿನ ಮೊಟ್ಟೆ, ಮಾಂಸ ಬಳಸಬೇಡಿ, ಮಾರಬೇಡಿ. ಔಷಧಿ ಕೊಟ್ಟ ಎರಡು ದಿನ ಬಿದ್ದ ಹಿಕ್ಕೆಯನ್ನು ಗುಡಿಸಿ ಹೂಳಿ. ಹೊರಬಿದ್ದ ಹುಳುಗಳ ಹೊಟ್ಟೆಯಲ್ಲಿ ಮೊಟ್ಟೆಗಳಿರುತ್ತವೆ.

ಬೇವು, ಬೆಳ್ಳುಳ್ಳಿ, ಪರಂಗಿ ಬೀಜ ಎಂದು ಮನೆಮದ್ದು ಮಾಡುವವರು ರೆಡಿಯ ಪರೀಕ್ಷೆ ಮಾಡಲಿ. ಮದ್ದಿಗೆ ಮೊದಲು ಹಿಕ್ಕೆ ಪರೀಕ್ಷಿಸಿ, ಹತ್ತು ಹನ್ನೆರಡು ದಿನಗಳ ನಂತರ ಇನ್ನೊಮ್ಮೆ ಪರೀಕ್ಷಿಸಿ. ಮೊಟ್ಟೆ ಕಡಿಮೆಯಾಗಿದ್ದರೆ ಸರಿ. ಆಗದಿದ್ದರೆ ಮರಿಗಳ ಪ್ರಾಣದ ಮೇಲೆ ಹಟ ಮಾಡಬೇಡಿ.

ದಾರಿ ಮುಚ್ಚುವುದು

ರೆಡಿ ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಿದ. ನೀವು ಕಟ್ಟಬೇಕಾದ ಬಟ್ಟೆ ಯಾವುದು? ಹುಳುವಿನ ಮೊಟ್ಟೆ ಬಲಿಯಲು ಕಡಿಮೆಯೆಂದರೆ ಹತ್ತು ದಿನ ಬೇಕು ಎಂದು ಮೇಲೆ ಹೇಳಿದೆ. ವಾರಕ್ಕೊಮ್ಮೆ ತಪ್ಪದೆ ಗೂಡಿನ ಹಿಕ್ಕೆ ತೆಗೆದರೆ ಅದು ಬಲಿಯುವ ಮೊದಲೇ ಹೊರಗೆ ಹೋಗುತ್ತದೆ. ನೆಲ ಒಣಗಿರಲಿ, ಬಿಸಿಲು ಬೀಳಲಿ. ಹೊಟ್ಟಿನ ಹಾಸು ಇದ್ದರೆ ಅದನ್ನು ಕೆದಕುತ್ತ, ನೀರಿನ ಪಾತ್ರೆಯ ಸುತ್ತಲಿನ ಒದ್ದೆ ಹೊಟ್ಟನ್ನು ತೆಗೆದು ಹಾಕಿ. ಸುಣ್ಣ ಎರಚಿದರೆ ನೆಲ ಒಣಗುತ್ತದೆ, ಆದರೆ ಮೊಟ್ಟೆಗಳೆಲ್ಲ ಸಾಯುತ್ತವೆಂದು ನಂಬಿ ಕೂರಬೇಡಿ. ಅವುಗಳ ಚಿಪ್ಪು ಗಟ್ಟಿ, ತೇವದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತವೆ.

ಕಾಳನ್ನು ನೆಲಕ್ಕೆ ಎರಚುವ ಬದಲು ತಟ್ಟೆಯಲ್ಲಿಡಿ. ನೀರಿನ ಪಾತ್ರೆಯನ್ನು ಇಟ್ಟಿಗೆಯ ಮೇಲಿಡಿ. ಕಾವಿಗೆ ಕೂರಿಸುವ ಮೊದಲೇ ಹೇಂಟೆಗೆ ಜಂತುವಿನ ಔಷಧಿ ಕೊಡಿಸಿ. ಸಾಧ್ಯವಾದರೆ ಮರಿಗಳನ್ನು ಮೂರು ತಿಂಗಳು ದೊಡ್ಡ ಕೋಳಿಗಳಿಂದ ಬೇರೆ ಸಾಕಿ. ಗೂಡಿನ ಸುತ್ತ ಇರುವೆ, ಜೀರುಂಡೆ ಸೇರುವ ಕೊಳೆತ ಮರ, ತಿಪ್ಪೆ ದೂರವಿರಲಿ. ಮೇವಿನಲ್ಲಿ ಸಾಕಷ್ಟು ಹಿಂಡಿ, ಹಸಿರು ಸೊಪ್ಪು ಇರಲಿ. ಎ ಜೀವಸತ್ವ ಮತ್ತು ಸಾರ ಕಡಿಮೆಯಾದ ಮರಿಯಲ್ಲಿ ಹುಳು ಹೆಚ್ಚು ಬೇರೂರುತ್ತದೆ. ಬಿಟ್ಟು ಮೇಯಿಸುವ ಮರಿಗಳಿಗೆ ಆರರಿಂದ ಎಂಟನೆಯ ವಾರದಲ್ಲಿ ಮೊದಲ ಔಷಧಿ, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ವೈದ್ಯರ ಸಲಹೆಯಂತೆ ಕೊಡಿಸುವುದು ವಾಡಿಕೆ.

ಕೊನೆಯ ವರ್ಷಗಳು

ರೆಡಿ ಬರಿ ವೈದ್ಯನಾಗಿರಲಿಲ್ಲ. ಆತ ಕವಿಯೂ ಹೌದು. ಟಸ್ಕನಿಯ ದ್ರಾಕ್ಷಾರಸಗಳನ್ನು ಹೊಗಳಿ 1685ರಲ್ಲಿ ಪ್ರಕಟಿಸಿದ ಕಾವ್ಯ ಇಟಲಿಯಲ್ಲಿ ಹೆಸರಾಗಿದೆ. ಇಟಲಿಯ ಭಾಷೆಯ ದೊಡ್ಡ ನಿಘಂಟನ್ನು ತಯಾರಿಸುತ್ತಿದ್ದ ಕ್ರೂಸ್ಕಾ ಪರಿಷತ್ತಿನಲ್ಲಿ ಆತ ದುಡಿದ, ಹಲವು ವರ್ಷ ಅದರ ಮುಖ್ಯಸ್ಥನೂ ಆಗಿದ್ದ. ಪಂಡಿತರೆಲ್ಲ ಲ್ಯಾಟಿನ್ನಿನಲ್ಲಿ ಬರೆಯುತ್ತಿದ್ದ ಕಾಲದಲ್ಲಿ ಆತ ತನ್ನ ಪ್ರಯೋಗಗಳನ್ನು ನಾಡಭಾಷೆಯಲ್ಲೇ ಬರೆದ. ಊರಿನವರೂ ಓದಿ ತಿಳಿಯುವಂತಾಯಿತು.

1687ರಲ್ಲಿ ಬೊನೊಮೊ ಎಂಬ ತರುಣ ವೈದ್ಯ ರೆಡಿಗೆ ಒಂದು ಪತ್ರ ಬರೆದ. ಬಡ ಹೆಂಗಸರು ತಮ್ಮ ಮಕ್ಕಳ ಕಜ್ಜಿಯಿಂದ ಸೂಜಿಯ ಮೊನೆಯಲ್ಲಿ ಏನನ್ನೋ ತೆಗೆಯುವುದನ್ನು ಆತನ ಜೊತೆಗಾರ, ಔಷಧ ವ್ಯಾಪಾರಿ ಚೆಸ್ಟೋನಿ ನೋಡಿದ್ದ. ಇಬ್ಬರೂ ಅದನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದಾಗ ಅದು ಆಮೆಯ ಆಕಾರದ ಪುಟ್ಟ ಜೀವಿ. ಕಜ್ಜಿಗೆ ಅದೇ ಕಾರಣ, ಅದೂ ಮೊಟ್ಟೆ ಇಡುತ್ತದೆ ಎಂದು ಬರೆದರು. ರಕ್ತ ಕೆಟ್ಟು ಕಜ್ಜಿಯಾಗುತ್ತದೆಂದು ನಂಬಿದ್ದ ವೈದ್ಯಲೋಕ ಇದನ್ನು ಒಪ್ಪಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಅಕ್ಷರ ಬಾರದ ಆ ತಾಯಂದಿರು ಸೂಜಿ ಹಿಡಿದು ಕಂಡಿದ್ದನ್ನು ಪಂಡಿತರು ಅಷ್ಟು ಕಾಲ ಕಾಣಲಿಲ್ಲ.

ರೆಡಿ ಮದುವೆಯಾಗಲಿಲ್ಲ. ದೇಹ ಸೊರಗಿದ್ದರೂ ಕೆಲಸ ಬಿಡಲಿಲ್ಲ. 1697ರ ಮಾರ್ಚ್ 1ರಂದು ಪೀಸಾ ನಗರದಲ್ಲಿ ನಿದ್ರೆಯಲ್ಲಿಯೇ ಪ್ರಾಣಬಿಟ್ಟ. ದೇಹವನ್ನು ಹುಟ್ಟಿದೂರು ಅರೆತ್ಸೊಗೆ ತಂದು ಮಣ್ಣು ಮಾಡಿದರು.

ಓದುಗರೇ, ಆತನಿಂದ ನಾವು ಕಲಿಯಬೇಕಾದದ್ದು ಒಂದೇ ಪ್ರಶ್ನೆ: ಇದು ಎಲ್ಲಿಂದ ಬಂತು? ಮರಿ ಸೊರಗಿದಾಗ ಹಣೆಬರಹವೆಂದೋ ದೃಷ್ಟಿ ತಗುಲಿತೆಂದೋ ಸುಮ್ಮನಾಗಬೇಡಿ. ಈ ಪ್ರಶ್ನೆ ಕೇಳಿ, ಹಿಕ್ಕೆಯನ್ನು ಆಸ್ಪತ್ರೆಗೆ ಕೊಡಿ, ಹುಳುವಿನ ಹೆಸರು ತಿಳಿದು ಔಷಧಿ ಹಾಕಿ. ಔಷಧಿ ಇಂದಿನ ಹುಳುವನ್ನು ಕೊಲ್ಲುತ್ತದೆ, ನಾಳಿನದನ್ನು ತಡೆಯುವುದು ಪೊರಕೆ. ಈ ಭಾನುವಾರದಿಂದಲೇ ವಾರಕ್ಕೊಂದು ದಿನ ಗೊತ್ತುಮಾಡಿಕೊಂಡು ಗೂಡು ಗುಡಿಸಲು ಶುರುಮಾಡಿ.